ಮಾವಿನ ಕುಲ್ಫಿಗೆ ಒಂದು ಹಿಡಿ ಉಪ್ಪು

ಫ್ರೀಜರಿನಲ್ಲಿಟ್ಟದ್ದು ಗಟ್ಟಿಯಾಯಿತೋ ಇಲ್ಲವೋ ಎಂದು ಐದು ನಿಮಿಷಕ್ಕೊಮ್ಮೆ ಬಾಗಿಲು ತೆರೆದು ನೋಡಿದರೆ ಅದು ಎಂದಿಗೂ ಗಟ್ಟಿಯಾಗುವುದಿಲ್ಲ. ಇದನ್ನು ತಿಳಿಯಲು ನೀವು ವಿಶ್ವವಿದ್ಯಾಲಯಕ್ಕೆ ಹೋಗಬೇಕಿಲ್ಲ. ಹೋಗಿಬಂದ ನಾನು ಮಾತ್ರ ತೆರೆಯುವ ಚಟ ಬಿಟ್ಟಿಲ್ಲ. ಕಂಡದ್ದನ್ನೆಲ್ಲ ಸಂಶಯಿಸಬೇಕೆಂದು ಅಲ್ಲಿ ಕಲಿತೆ. ಮೊದಲು ಪಂಚಾಂಗವನ್ನು ಸಂಶಯಿಸಿದೆ, ಆಮೇಲೆ ಪತ್ರಿಕೆಗಳನ್ನು, ಈಗ ನಲವತ್ತೇಳು ದಾಟಿದ ಮೇಲೆ ನನ್ನ ನೆನಪನ್ನೇ.

ಆದರೆ ಮಕ್ಕಳ ಮುಂದೆ ಎಂಥ ಸಂಶಯವಾದಿಯೂ ಎಲ್ಲ ಬಲ್ಲವನಾಗುತ್ತಾನೆ. ನಿನ್ನೆ ಮಧ್ಯಾಹ್ನ, ವಾಡಿಯ ನಮ್ಮ ಮನೆಯ ಫರಸಿ ಕಲ್ಲಿನ ನೆಲವೂ ಅಂಗಾಲು ಸುಡುತ್ತಿದ್ದಾಗ, ಚಿಂಚೋಳಿಯಿಂದ ಅಕ್ಕ ಕಳಿಸಿದ ರಸದ ಮಾವಿನಲ್ಲಿ ಉಳಿದಿದ್ದ ಹನ್ನೆರಡು ಹಣ್ಣು ಮುಂದಿಟ್ಟುಕೊಂಡು, ನಿಮ್ಮ ಆಯಿ ಮಾಡುತ್ತಿದ್ದ ಹಾಗೆಯೇ ಕುಲ್ಫಿ ಮಾಡೋಣವೆಂದು ಘೋಷಿಸಿದೆ. ನನ್ನ ಅವ್ವನನ್ನು ಮಕ್ಕಳು ಕಂಡಿಲ್ಲ. ಅವರ ಪಾಲಿಗೆ ಆಯಿ ಎಂದರೆ ಗೋಡೆಯ ಮೇಲಿನ ಒಂದು ಫೋಟೊ, ಮತ್ತು ನಾನು ಹೇಳುವ ಕಥೆಗಳು. ಫೋಟೊ ಮಾತಾಡದಿರುವುದರಿಂದ ಭಾರವೆಲ್ಲ ನನ್ನ ಮೇಲೆ.

ಮಗ ಹಿಂಡಿದ, ಮಗಳು ಸೋಸಿದಳು, ನಾನು ಕಣ್ಣು ಮುಚ್ಚಿ ನೆನೆದೆ: ಬೇವಿನ ನೆರಳು, ರಸದ ಡಬ್ಬಿ, ಅವ್ವನ ಮುಷ್ಟಿಯಲ್ಲಿ ಹರಳುಪ್ಪು, ಬಳೆಗಳ ಕಿಣಿಕಿಣಿ. ಇಷ್ಟು ಸ್ಪಷ್ಟವಾದ ನೆನಪು ನನಗೆ ಅಪರೂಪ. ರಸಕ್ಕೆ ಒಂದು ಹಿಡಿ ಉಪ್ಪು ಸುರಿದೆ.

"ಅಪ್ಪಾ, ಕುಲ್ಫಿಗಿ ಉಪ್ಪು ಯಾರರೆ ಹಾಕ್ತಾರೇನು?" ಎಂದಳು ಮಗಳು.

"ನಿಮ್ಮ ಆಯಿ ಹಾಕ್ತಿದ್ದಳು. ನಾ ಕಣ್ಣಾರೆ ನೋಡೀನಿ."

ಸ್ಟೀಲ್ ಲೋಟಗಳಲ್ಲಿ ಚಮಚ ನೆಟ್ಟು ಫ್ರೀಜರಿಗೆ ಸೇರಿಸಿದೆವು. ಸಂಜೆಯವರೆಗೆ ಹತ್ತು ಸಲ ತೆರೆದರೂ ಲೋಟದ ರಸ ಅಂಬಲಿಯಂತೆಯೇ ಇತ್ತು. ಏಳು ವರ್ಷದ ಮಗ ತಡೆಯಲಾರದೆ ಒಂದು ಚಮಚ ಬಾಯಿಗಿಟ್ಟು, ಮೋರಿಗೆ ಓಡಿ ಉಗುಳಿ ಬಂದ.

"ಇದು ಕುಲ್ಫಿ ಅಲ್ಲ, ಉಪ್ಪಿನಕಾಯಿ ಅದ!"

ಮಗಳು ನಗಲಿಲ್ಲ. "ಆಯಿ ಕಥಿ ಎಲ್ಲಾ ಹಿಂಗೇ ಏನಪ್ಪಾ? ಖರೇ ಎಷ್ಟು, ನೀ ಕೂಡ್ಸಿದ್ದೆಷ್ಟು?"

ಹಣ್ಣು ಹಾಳಾದದ್ದಕ್ಕಿಂತ ಆ ಮಾತು ಚುಚ್ಚಿತು, ಏಕೆಂದರೆ ಅದು ನನ್ನದೇ ಹಳೆಯ ಪ್ರಶ್ನೆ. ಅಕ್ಕನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ, ನಡೆದದ್ದನ್ನು ಹೇಳಿ, ತೀರ್ಪಿಗೆ ಕಾಯುವವನಂತೆ ಕುಳಿತೆ. ಅಕ್ಕ ಬಿದ್ದು ಬಿದ್ದು ನಕ್ಕಳು.

"ಏ ಖೋಡಿ, ನಮ್ಮ ಮನ್ಯಾಗ ಫ್ರಿಜ್ ಎಲ್ಲಿತ್ತೋ? ಅಪ್ಪ ಗೋಣಿಚೀಲದಾಗ ಬರ್ಫದ ಗಡ್ಡಿ ತರ್ತಿದ್ದ. ಅವ್ವ ಅದನ್ನ ಒಡದು ಬಕೇಟಿಗಿ ಹಾಕಿ, ನಡುವ ರಸದ ಡಬ್ಬಿ ಇಟ್ಟು ತಿರುಗಸ್ತಿದ್ದಳು. ಉಪ್ಪು ಹಾಕ್ತಿದ್ದದ್ದು ಬರ್ಫಿನ ಮ್ಯಾಲ, ಇನ್ನಾ ಥಂಡಿ ಆಗ್ಲಿ ಅಂತ! ರಸಕ್ಕೇ ಹಾಕ್ಯಾನಂತ, ಎಂ.ಎ. ಓದಿದಾಂವ!"

ಮಗಳು ಫೋನಿಗೆ ಬಾಗಿದಳು. "ಅತ್ತಿ, ಹಿಡಿ ತುಂಬ ಹಾಕ್ತಿದ್ದದ್ದರೆ ಖರೇ ಏನು?"

"ಖರೇ ನೋಡವ್ವ. ಡಬ್ಬಿ ತಿರುಗ್ಸುವಾಗ ಬಳಿ ಬಡದು ಭಾಳ ಕಿಣಿಕಿಣಿ ಅಂತಿದ್ವು."

ಬಳೆಗಳ ವಿಷಯ ನಾನು ಯಾರಿಗೂ ಹೇಳಿರಲಿಲ್ಲ.

ಇವತ್ತು ಕರಬೂಜದ ರಸ ಹಿಂಡಿ, ಉಪ್ಪಿನ ಡಬ್ಬಿ ಅಟ್ಟಕ್ಕೇರಿಸಿ, ಮತ್ತೆ ಲೋಟಗಳನ್ನಿಟ್ಟಿದ್ದೇವೆ. ನಾನು ತೆರೆಯದಂತೆ ಮಗಳು ಫ್ರಿಜ್ಜಿನ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತು, ಬಳೆಗಳ ಕಥೆ ಮೊದಲಿನಿಂದ ಹೇಳೆನ್ನುತ್ತಿದ್ದಾಳೆ. ಎರಡು ತಾಸಾಯಿತು. ಒಳಗೆ ಗಟ್ಟಿಯಾಗುತ್ತಿದೆ ಎಂದು ನೋಡದೆಯೇ ನಂಬಿ ಕಥೆ ಹೇಳುತ್ತಿದ್ದೇನೆ. ಅವಳು ನೀರು ಕುಡಿಯಲು ಎದ್ದರೆ ಮಾತ್ರ ಏನಾಗುವುದೋ ಹೇಳಲಾರೆ.