ಎತ್ತಿನ ಬೆಲ್ಲದ ಮೇಲೆ ಕೇಸು

ಎರಡು ವರ್ಷ, ಹತ್ತೊಂಬತ್ತು ಕೋರ್ಟ್ ತಾರೀಖು, ದೊಡವಾಡದಿಂದ ಬೈಲಹೊಂಗಲಕ್ಕೆ ಬಸ್ಸು, ವಕೀಲರ ಫೀ, ಎಲ್ಲ ಸೇರಿ ಅರವತ್ತೆರಡು ಸಾವಿರ ರೂಪಾಯಿ. ಕಾರಣ ಅರ್ಧ ಕಿಲೋ ಬೆಲ್ಲ, ಗೆಳೆಯರೇ.

ಕಡಾಯಿಯ ತಳಕ್ಕೆ ಹತ್ತಿದ ಕರಿ ಬೆಲ್ಲವನ್ನು ನಮ್ಮ ಗಾಣದಲ್ಲಿ ಎತ್ತುಗಳಿಗೆಂದು ಬೇರೆ ಡಬ್ಬಿಯಲ್ಲಿ ಇಡುತ್ತೇವೆ. ಮೇಲೆ ‘ಎತ್ತಿಗೆ’ ಎಂದು ಬರೆದೂ ಇದೆ. ಆಹಾರ ಪರೀಕ್ಷೆಗೆ ಬಂದ ಸಾಹೇಬರು ಮಾರುವ ಬೆಲ್ಲ ಬಿಟ್ಟು ಅದನ್ನೇ ಒಯ್ದರು. ಮನುಷ್ಯರು ತಿನ್ನಲು ಯೋಗ್ಯವಲ್ಲ ಎಂದು ವರದಿ ಬಂತು. ನನ್ನ ಮೇಲೆ ಕೇಸಾಯಿತು, ಬ್ಯಾಂಕ್ ಸಾಲದಲ್ಲಿ ತಂದ ಗಾಣದ ಯಂತ್ರಕ್ಕೆ ಮಂಜೂರಾದ ಸಬ್ಸಿಡಿ ನಿಂತಿತು.

ಇಂದು ನ್ಯಾಯಾಧೀಶರು ಡಬ್ಬಿಯ ಫೋಟೊ ನೋಡಿ ಸಾಹೇಬರನ್ನು ಕೇಳಿದರು: “ಇದನ್ನು ನೀವು ಓದಲಿಲ್ಲವೇ?”

“ಓದಿದ್ನಿರಿ ಸರ್. ಆದ್ರ ನಮ್ಮ ಫಾರ್ಮಿನಾಗ ಎತ್ತಿನ ಕಾಲಮ್ ಇರಲಿಲ್ರಿ.”

ಕೇಸು ವಜಾ ಆಯಿತು. ಅಲ್ಲಿಂದ ನೇರ ಸಬ್ಸಿಡಿ ಕಚೇರಿಗೆ ಹೋದೆ. ಗುಮಾಸ್ತ ನಕ್ಕ.

“ಗೆದ್ರಿ, ಛಲೋ ಆತ್ರಿ ಅಣ್ಣಾರ. ಆದ್ರ ಎರಡು ವರ್ಷ ನಿಂತ ಅರ್ಜಿ ತಾನ ರದ್ದಾಕೈತ್ರಿ, ರೂಲ್ಸ್ ಹಂಗೈತಿ. ಬೆಲ್ಲದ ಟೆಸ್ಟ್ ರಿಪೋರ್ಟ್ ಹಚ್ಚಿ ಹೊಸಾ ಅರ್ಜಿ ಕೊಡ್ರಿ.”

“ಸ್ಯಾಂಪಲ್ ಒಯ್ಯಾಕ ಯಾರ್ ಬರತಾರ?”

“ಅದ ಸಾಹೇಬ್ರು. ಮತ್ಯಾರ್ ಬರತಾರ್ರಿ?”

ಸಿಟ್ಟು ನೆತ್ತಿಗೇರಿತು. “ಬರಾಕ ಹೇಳ್ರಿ. ಈ ಸಲ ಎತ್ತನ್ನ ಸಾಕ್ಷಿಗೆ ನಿಲ್ಲಸ್ತೇನಿ” ಎಂದು ಎದ್ದು ಬಂದೆ.

ಯಾರಿಗೆ ಏನು ಸಿಕ್ಕಿತು ಅಂದರೆ, ಸಾಹೇಬರಿಗೆ ಬಡ್ತಿ, ವಕೀಲರಿಗೆ ಹೊಸ ಬೈಕು. ನನಗೆ ತಪ್ಪಿತಸ್ಥನಲ್ಲ ಎಂಬ ಕಾಗದ. ಯಂತ್ರದ ಸಾಲಕ್ಕೆ ಅದನ್ನು ಬ್ಯಾಂಕಿನವರು ಜಮಾ ಹಿಡಿಯುವುದಿಲ್ಲ.