ಮೂಡುಬಿದಿರೆಗೆ ಹೋದ ಜೆಸಿಬಿ

ಶ್ರಾವ್ಯಾ, ನಿನಗೆ ಮೋಸ ಮಾಡಿದ್ದು ನಿನ್ನ ಪಪ್ಪ ಅಲ್ಲ, ನಾನು. ನೀನು ಒಂದನೇ ಕ್ಲಾಸಿನಲ್ಲಿದ್ದಾಗ ಅವನು ಆ ಆಟದ ಜೆಸಿಬಿ ಕಳಿಸಿದ್ದು ನಿನಗೇ. ಅದನ್ನು ಮೂಡುಬಿದಿರೆಯ ನಿನ್ನ ಅತ್ತೆಯ ಮಗನಿಗೆ ಕೊಟ್ಟವಳು ನಾನು, ನಿನ್ನ ಅಜ್ಜಿ.

ಮೂರನೇ ಕ್ಲಾಸು ಓದಿದ ಕೈ ಇದು. ಅಕ್ಷರ ತಪ್ಪಿದರೆ ತಪ್ಪಲಿ, ವಿಷಯ ತಪ್ಪಬಾರದು.

ಪಪ್ಪ ದುಬೈಯಲ್ಲಿ ಜೆಸಿಬಿ ಓಡಿಸುವವನು. “ನೀವು ಓಡಿಸ್ತೀರಲ್ಲ, ನನಗೂ ಅದೇ ಬೇಕು” ಎಂದು ನೀನು ಫೋನಿನಲ್ಲಿ ಹಟ ಹಿಡಿದಿದ್ದೆ. ರಜೆಗೆ ಬಂದ ಪುಂಜಾಲಕಟ್ಟೆಯವರೊಬ್ಬರ ಕೈಯಲ್ಲಿ ಅವನು ಪೆಟ್ಟಿಗೆ ಕಳಿಸಿದ. ನಿನ್ನ ಅಮ್ಮ ನಿನ್ನ ತಮ್ಮನ ಬಾಣಂತನಕ್ಕೆ ತವರಿಗೆ ಹೋಗಿದ್ದಳು, ನೀನು ಶಾಲೆಯಲ್ಲಿದ್ದೆ. ಜಗಲಿಯಲ್ಲಿ ನಾವು ನಾಲ್ಕು ಹೆಂಗಸರು ಬೀಡಿ ಕಟ್ಟುತ್ತಿದ್ದೆವು. ಗಲ್ಫಿನ ಪೆಟ್ಟಿಗೆ ಬಂದರೆ ಎಲ್ಲರ ಎದುರೇ ಬಿಚ್ಚುವುದಲ್ಲವೇ — ಬಿಚ್ಚಿದೆ. ಜೆಸಿಬಿಯ ಡಬ್ಬದ ಮೇಲೆ ಇಬ್ಬರು ಗಂಡುಮಕ್ಕಳ ಚಿತ್ರ. ಅಂಟಿಸಿದ ಚೀಟಿಯಲ್ಲಿ ನಿನ್ನ ಹೆಸರು.

“ಇದೆಂಥದ್ದು ಮಾರಾಯ್ತಿ!” ಎಂದಳು ಪಕ್ಕದ ಮನೆಯ ಲಲಿತ. “ನಿನ್ನ ಮಗ ಅಂಗಡಿಯಲ್ಲಿ ಕಣ್ಣು ಮುಚ್ಚಿ ನಿಂತಿದ್ನಾ? ಹುಡುಗಿಯನ್ನು ರೋಡಿನ ಕೆಲಸಕ್ಕೆ ಕಳಿಸ್ಲಿಕ್ಕೆ ಉಂಟಾ?”

ಎಲ್ಲರೂ ನಕ್ಕರು. ನಾನೂ ನಕ್ಕೆ.

ದಿನಾ ಸಂಜೆ ನೀನು ಕಾರ್ಟೂನು ನೋಡುವಾಗ ನಾನೂ ಪಕ್ಕದಲ್ಲೇ ಬೀಡಿಗೆ ನೂಲು ಸುತ್ತುತ್ತಾ ಟಿವಿ ನೋಡುತ್ತಿದ್ದವಳು. ನಡುವೆ ಬರುವ ಜಾಹೀರಾತಿನಲ್ಲಿ ಹುಡುಗಿಯರಿಗೆ ಗುಲಾಬಿ ಗೊಂಬೆ, ಹುಡುಗರಿಗೆ ಲಾರಿ. ಹಾಗೇ ಇರಬೇಕು ಅಂತ ನಂಬಿದ್ದೆ. ಟಿವಿ ಹೇಳಿತು, ಲಲಿತ ಹೇಳಿದಳು ಅಂತ ಜಾರಿಕೊಳ್ಳುವುದಿಲ್ಲ. ಚೀಟಿ ಕಿತ್ತು ಒಲೆಗೆ ಹಾಕಿದ್ದು ಟಿವಿ ಅಲ್ಲ.

ಮೆಲ್ಕಾರ್ ಪೇಟೆಗೆ ಹೋದೆ. “ಹುಡುಗಿಗಾ? ಹಾಗಾದ್ರೆ ಈ ಕಡೆ ಬನ್ನಿ” ಎಂದ ಅಂಗಡಿಯವನು. ಆ ಗೋಡೆಯಿಡೀ ಗುಲಾಬಿ. ಅಡುಗೆ ಸೆಟ್ಟು ತಂದು “ಪಪ್ಪ ಕಳಿಸಿದ್ದು” ಎಂದು ನಿನ್ನ ಕೈಗೆ ಕೊಟ್ಟೆ. ನೀನು ಅಳಲಿಲ್ಲ. ಡಬ್ಬ ತಿರುಗಿಸಿ ತಿರುಗಿಸಿ ನೋಡಿದೆ, ಒಳಗೆ ಬೇರೆ ಏನಾದರೂ ಇದ್ದೀತೋ ಎನ್ನುವ ಹಾಗೆ...

ಅಲ್ಲಿಗೆ ನಿಲ್ಲಿಸಿದ್ದರೆ — ಇಲ್ಲ, ನಿಲ್ಲಿಸಲಿಲ್ಲ. ನಿನ್ನ ಪಪ್ಪನಿಗೆ ಫೋನಿನಲ್ಲಿ ಹೇಳಿದೆ: “ಅವಳಿಗೆ ಅದು ಬೇಡವಂತೆ ಮಗಾ, ಅಕ್ಕನ ಮಗನಿಗೆ ಕೊಟ್ಟೆ.” ತಿಂಗಳು ಕಳೆದು ಮೂಡುಬಿದಿರೆಗೆ ಹೋದಾಗ ಅಂಗಳದಲ್ಲಿ ಮಣ್ಣು ಅಗೆಯುತ್ತಿದ್ದ ಆ ಜೆಸಿಬಿಯನ್ನು ನೀನು ಕಂಡೆ. ನನ್ನ ಸೆರಗು ಎಳೆದು ಮೆಲ್ಲಗೆ ಕೇಳಿದೆ: “ಅಜ್ಜೀ, ಪಪ್ಪ ಇದನ್ನು ಅವನಿಗೆ ಕಳಿಸಿದ್ರಾ?”

“ಹೌದು” ಎಂದೆ.

ಮತ್ತೆ ನೀನು ಪಪ್ಪನ ಹತ್ತಿರ ಏನೂ ಕೇಳಲಿಲ್ಲ. ಅವನೂ ಬಟ್ಟೆ, ಸೋಪು ಬಿಟ್ಟರೆ ಏನೂ ಕಳಿಸಲಿಲ್ಲ. ರಜೆಯಲ್ಲಿ ಬಂದರೂ ಇಬ್ಬರೂ ನೆಂಟರ ಹಾಗೆ. ಹನ್ನೊಂದು ವರ್ಷ ನಾನು ಅದನ್ನು ನೋಡುತ್ತಾ ಊಟ ಬಡಿಸಿದೆ.

ಮೊನ್ನೆ ಮುಂದೆ ಏನು ಓದುವುದೆಂದು ಮಾತು ಬಂದಾಗ “ಪಪ್ಪನಿಗೆ ಒಂದು ಮಾತು ಹೇಳು” ಎಂದೆ. “ನಾನು ಹೇಳಿದ್ದು ಅವರಿಗೆ ಯಾವಾಗ ಕೇಳಿಸಿದೆ?” ಎಂದು ನೀನು ಎದ್ದು ಹೋದೆ. ಮಗಾ, ಆ ಮಾತು ನನಗೆ ತಾಗಬೇಕಾದದ್ದು.

ನಿನ್ನೆ ಅವನಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ... ಒಂದೇ ಮಾತು ಕೇಳಿದ: “ಹಾಗಾದ್ರೆ ಅವಳಿಗೆ ಅದು ಬೇಕಿತ್ತಾ ಅಮ್ಮ?”

“ಬೇಕಿತ್ತು” ಎಂದೆ.