ಮುಳ್ಳುಬೆನ್ನಿನ ಹುಳ

ನನ್ನ ಪಾದ ಮುರಿದದ್ದು ನವಿಲುತೀರ್ಥದಲ್ಲಿ. ಬಸ್ಸನ್ನು ಹಿಂದಕ್ಕೆ ತೆಗೆಯುವಾಗ ಕಂಡಕ್ಟರಾದ ನಾನು ಕೆಳಗಿಳಿದು ಸೀಟಿ ಊದಬೇಕು. ಊದುತ್ತ ಹಿಂದೆ ಸರಿದವಳು ಕಾಲುವೆ ಬದಿಯ ಪಾಚಿಗಲ್ಲಿನ ಮೇಲೆ ಜಾರಿ ಬಿದ್ದೆ. ಸೀಟಿ ನಿಂತಿತೆಂದು ಡ್ರೈವರ್ ಬ್ರೇಕ್ ಹಾಕಿದ್ದೇ ನನ್ನ ಪುಣ್ಯ. ಪ್ಲಾಸ್ಟರ್ ಹಾಕಿದ ಡಾಕ್ಟರು ಆರು ವಾರ ಆ ಕಾಲು ಊರಬಾರದು ಎಂದರು.

ನಾನು ರಾಮದುರ್ಗದಲ್ಲಿ ಮಹಡಿಯ ಮೇಲಿನ ಒಂದು ಬಾಡಿಗೆ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಒಬ್ಬಳೇ ಇದ್ದವಳು. ಮದುವೆಯಾಗಿಲ್ಲ. ಸಂಗೊಳ್ಳಿಯಿಂದ ಅಣ್ಣ ಫೋನ್ ಮಾಡಿ, "ಇಲ್ಲೇ ಬಂದ ಬಿಡವಾ, ನಿಮ್ಮ ವೈನಿ ನೋಡ್ಕೋತಾಳ" ಎಂದ. ಅತ್ತಿಗೆ ಪಕ್ಕದಲ್ಲೇ ಇದ್ದಿರಬೇಕು. ಆದರೆ ಆಕೆಯ ದನಿ ಕೇಳಿಸಲಿಲ್ಲ. "ಬ್ಯಾಡ ಬಿಡಣ್ಣಾ, ಇಲ್ಲೇ ಆರಾಮ ಅದೀನಿ" ಎಂದೆ.

ಕಂಡಕ್ಟರಿಗೆ ದಿನವಿಡೀ ನೂರಾರು ಜನರೊಂದಿಗೆ ಮಾತು. ಆದರೆ ಅದೆಲ್ಲ ಊರಿನ ಹೆಸರು, ಚಿಲ್ಲರೆ, "ಒಳಗ ಸರೀರಿ". ಮೂರನೆಯ ದಿನ ಮಲಗಿದಲ್ಲೇ ಫೋನಿನಲ್ಲಿದ್ದ ಹೆಸರುಗಳನ್ನು ಒಂದೊಂದಾಗಿ ನೋಡಿದೆ. ಕೆಲಸವಿಲ್ಲದೆ ಸುಮ್ಮನೆ ಮಾತಾಡಲು ಕರೆಯಬಹುದಾದ ಒಂದು ಹೆಸರೂ ಅದರಲ್ಲಿ ಸಿಗಲಿಲ್ಲ. ಆವತ್ತೇ ಒಂದು ಆಟ ಇಳಿಸಿಕೊಂಡೆ.

ಲಂಗ ತೊಟ್ಟ ಹುಡುಗಿಯೊಬ್ಬಳು ಕಟ್ಟೆಯಿಂದ ಕಟ್ಟೆಗೆ ಜಿಗಿಯುತ್ತ ಓಡುತ್ತಾಳೆ. ಎದುರು ಬರುವ ವೈರಿಗಳ ತಲೆಯ ಮೇಲೆ ಹಾರಿ ತುಳಿದರೆ ಅವು ಪುಸ್ಸೆಂದು ಮಾಯವಾಗುತ್ತವೆ. ಆರು ಹಂತ ಹಾಗೇ ತುಳಿದುಕೊಂಡು ಹೋದೆ. ಏಳನೆಯದರಲ್ಲಿ ಒಂದು ಹುಳ ಸಿಕ್ಕಿತು. ಸೆಗಣಿಹುಳದಂತೆ ಕಪ್ಪು, ಆರು ಕಾಲು, ಬೆನ್ನ ತುಂಬ ಮುಳ್ಳು. ತುಳಿದರೆ ಸಾಯುವವಳು ನನ್ನ ಹುಡುಗಿಯೇ. ಅದು ಯಾರ ಬೆನ್ನೂ ಹತ್ತುತ್ತಿರಲಿಲ್ಲ. ಇಕ್ಕಟ್ಟಾದ ಒಂದು ಕಟ್ಟೆಯ ಮೇಲೆ ತುದಿಯವರೆಗೆ ನಡೆದು, ತಿರುಗಿ, ಈ ತುದಿಗೆ ಬಂದು ಮತ್ತೆ ತಿರುಗುತ್ತಿತ್ತು. ಅದನ್ನು ದಾಟಲು ನಾಲ್ಕು ದಿನ ಒದ್ದಾಡಿದೆ.

ಹುಳ ಸಿಕ್ಕ ಐದನೆಯ ದಿನ ಮಧ್ಯಾಹ್ನ ಮೆಟ್ಟಿಲ ಮೇಲೆ ಸಪ್ಪಳವಾಯಿತು. ಬಾಗಿಲಲ್ಲಿ ಮನೆಯೊಡತಿ ನಿಂತಿದ್ದರು. ಅರವತ್ತು ದಾಟಿದವರು, ಕೆಳಗೆ ಒಬ್ಬರೇ ಇದ್ದು ಬ್ಲೌಸ್ ಹೊಲಿಯುತ್ತಿದ್ದರು. ಲಾರಿ ಓಡಿಸುತ್ತಿದ್ದ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗಳನ್ನು ಬೈಲಹೊಂಗಲಕ್ಕೆ ಕೊಟ್ಟಿದ್ದರು. ಅಷ್ಟು ವರ್ಷದಲ್ಲಿ ನಮ್ಮಿಬ್ಬರ ನಡುವೆ ನಳದ ನೀರಿನ ಮಾತು ಬಿಟ್ಟರೆ ಬೇರೆ ಮಾತು ಇರಲಿಲ್ಲ.

"ಯಾರ ಕೂಡ ಜಗಳಾ ಮಾಡಾಕ ಹತ್ತೀರಿ ಬಾಯಾರ? ನಾಕ ದಿನಾ ಆತು, 'ಸಾಯಿ, ಸಾಯಿ' ಅನ್ನೂದು ಕೇಳಾಕ ಹತ್ತೈತಿ."

ನಾಚಿಕೆಯಿಂದ ಫೋನ್ ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿ, ಫೋನನ್ನು ದೂರ ಹಿಡಿದು ನೋಡಿದರು.

"ಅದರ ಬೆನ್ನಾಗ ಮುಳ್ಳ ಅದಾವ. ಅದರ ಮ್ಯಾಲ ಯಾಕ ಬೀಳ್ತೀರಿ? ಮ್ಯಾಲಿನ ಕಟ್ಟಿ ಮ್ಯಾಲ ನಿಂದರ್ರಿ. ಅದು ಆ ಕಡೆ ಹೊಳ್ಳಿದ ಕೂಡ್ಲೆ ಇಳದ ಓಡ್ರಿ."

ಬಟ್ಟೆ ಅಳೆಯುವವರ ಕಣ್ಣು. ಹುಳಕ್ಕೆ ಎಷ್ಟು ಹೆಜ್ಜೆ ಬೇಕೆಂದು ಎಣಿಸಿ, "ಈಗ!" ಎಂದರು. ಎರಡು ಸಲ ತಪ್ಪಿತು, ಮೂರನೆಯ ಸಲ ದಾಟಿದೆ. ಇಬ್ಬರೂ ಎಷ್ಟು ಜೋರಾಗಿ ಕೂಗಿದೆವೆಂದರೆ ಎದುರು ಮನೆಯವರು ಹೊರಗೆ ಬಂದು ನೋಡಿದರು.

ಮರುದಿನ ರೊಟ್ಟಿ, ಬದನಿಕಾಯಿ ಪಲ್ಯ ಹಿಡಿದು ಮತ್ತೆ ಬಂದರು. ಎಂಟನೆಯ ಹಂತ ತೆರೆದಿದ್ದೆ. ಅಲ್ಲಿ ಬಾವಲಿಗಳಿದ್ದವು.

"ನಮ್ಮ ಹುಳ ಎಲ್ಲೈತಿ?"

"ಅದು ಹಿಂದಿನದ್ರಾಗ ಉಳೀತು, ಖಾಲಾ." ಚಿಕ್ಕಮ್ಮ ಎಂಬರ್ಥದಲ್ಲಿ ಖಾಲಾ ಎಂದು ನಾನು ಕರೆದದ್ದು ಅದೇ ಮೊದಲು.

"ಹಂಗಾರ ಅಲ್ಲಿಗೇ ನಡಿ" ಎಂದರು. ನನಗೆ ನೀನು ಎಂದದ್ದೂ ಅದೇ ಮೊದಲು.

ಅಂದಿನಿಂದ ದಿನಾ ಮಧ್ಯಾಹ್ನದ ನಮಾಜು ಮುಗಿಸಿ ಮೇಲೆ ಬರುತ್ತಿದ್ದರು. ನಾನು ಹುಡುಗಿಯನ್ನು ಮೇಲಿನ ಕಟ್ಟೆಯಲ್ಲಿ ನಿಲ್ಲಿಸಿ ಫೋನನ್ನು ದಿಂಬಿಗೆ ಆನಿಸುತ್ತಿದ್ದೆ. ಹುಳ ಹೋಗುತ್ತಿತ್ತು, ಬರುತ್ತಿತ್ತು. ಅದನ್ನು ನೋಡುತ್ತ ನಾವು ಮಾತಾಡುತ್ತಿದ್ದೆವು. ಒಬ್ಬರ ಮುಖ ಒಬ್ಬರು ನೋಡಬೇಕಾಗಿರಲಿಲ್ಲವಾದ್ದರಿಂದ ಮಾತು ಸಲೀಸಾಗಿತ್ತೋ ಏನೋ.

ಒಂದು ದಿನ ನಾನೆಂದೆ, "ನಿಮಗ ಭಾಳ ಕೆಲಸ ಖಾಲಾ. ರಜಾದ ದಿನಾನೂ ಮಶೀನಿನ ಸಪ್ಪಳ ನಿಂದರೂದಿಲ್ಲ. ಅದಕ್ಕ ನಾ ಕೆಳಗ ಬರ್ತಿರಲಿಲ್ಲ."

ಖಾಲಾ ಹುಳ ತಿರುಗುವುದನ್ನೇ ನೋಡುತ್ತ ಹೇಳಿದರು, "ಅಷ್ಟ ಕೆಲಸ ಎಲ್ಲೈತವಾ ಈಗ? ಎಲ್ಲಾರೂ ರೆಡಿಮೇಡ್ ತಗೋತಾರ. ಮನ್ಯಾಗ ಏನರ ಸಪ್ಪಳ ಇರಲಿ ಅಂತ ದಾರಾ ತಗದ ಖಾಲಿ ತುಳೀತೇನಿ. ಮ್ಯಾಲ ನಿನ್ನ ಹೆಜ್ಜಿ ಸಪ್ಪಳ ಕೇಳ್ತಿತ್ತು. ಡ್ಯೂಟಿ ಮಾಡಿ ದಣಿದಿರ್ತಾಳ, ಎಬ್ಬಸೂದು ಬ್ಯಾಡ ಅಂತ ನಾನೂ ಬರ್ತಿರಲಿಲ್ಲ."

ಹನ್ನೊಂದು ವರ್ಷ, ನಡುವೆ ಹದಿನಾಲ್ಕು ಮೆಟ್ಟಿಲು. ಕಣ್ಣು ತುಂಬಿದ್ದು ಅವರಿಗೆ ಕಾಣದಿರಲೆಂದು ಫೋನಿನ ಕಡೆಗೇ ನೋಡುತ್ತ ಕುಳಿತೆ.

ಪ್ಲಾಸ್ಟರ್ ತೆಗೆದರು. ಡ್ಯೂಟಿಗೆ ಹೋದೆ. ಬೆಳಿಗ್ಗೆ ಸಾಲಹಳ್ಳಿ ಕಡೆಯ ಬಸ್ಸು, ಆಮೇಲೆ ಸವದತ್ತಿ. ಸಂಜೆ ಕೆಳಗೆ ಹೋಗಿ ಕೂರುತ್ತಿದ್ದೆ, ಊಟವೂ ಅವರ ಜೊತೆಗೇ. ಆಟ ತೆರೆಯುವುದು ಮೆಲ್ಲಗೆ ಬಿಟ್ಟೇ ಹೋಯಿತು. ಕೂರಲು ನೆಪ ಬೇಕಾಗಿರಲಿಲ್ಲ. ಆದರೆ ಖಾಲಾನ ಕಣ್ಣು ಮಂಜಾಗುತ್ತಿತ್ತು. ಸೂಜಿಗೆ ದಾರ ನಾನೇ ಪೋಣಿಸಿಕೊಡುತ್ತಿದ್ದೆ. ಚಳಿಗಾಲದಲ್ಲಿ ಮಗಳು ಬಂದು ಪೊರೆಯ ಆಪರೇಷನ್ ಮಾಡಿಸಲು ಬೈಲಹೊಂಗಲಕ್ಕೆ ಕರೆದುಕೊಂಡು ಹೋದಳು. ಹದಿನೈದು ದಿನ ಎಂದು ಹೋದವರು ಅಲ್ಲೇ ಉಳಿದರು. ಮಗಳು ಬಿಡಲಿಲ್ಲ. ಬಿಡಬಾರದು ಕೂಡ.

ಮೊದಲ ಸಲ ನೋಡಲು ಹೋದಾಗ ಕರಿ ಕನ್ನಡಕ ಹಾಕಿಕೊಂಡು ನಡುಮನೆಯಲ್ಲಿ ಕುಳಿತಿದ್ದರು. ಸುತ್ತ ಮೊಮ್ಮಕ್ಕಳು, ಟಿವಿ, ಬಂದುಹೋಗುವ ಮಂದಿ. ನನ್ನ ಕೈ ಹಿಡಿದುಕೊಂಡೇ ಇದ್ದರು. ಮಾತಾಡಲು ಪುರುಸೊತ್ತೇ ಸಿಗಲಿಲ್ಲ. ಹೊರಡುವಾಗ ಬಾಗಿಲವರೆಗೆ ಬಂದು ಮೆಲ್ಲಗೆ ಕೇಳಿದರು, "ಅಲ್ಲಿ ಯಾರ ಕೂಡ ಉಣ್ತಿ ಈಗ?"

"ಡಿಪೋದಾಗ ಎಲ್ಲಾರೂ ಇರ್ತಾರಲ್ರಿ" ಎಂದೆ. ಅವರು ನಂಬಲಿಲ್ಲ. ಆದರೂ ತಲೆಯಾಡಿಸಿದರು.

ಈಗ ಕೆಳಗಿನ ಮನೆಗೆ ಬೀಗ ಬಿದ್ದಿದೆ. ಕೀಲಿ ನನ್ನ ಹತ್ತಿರವೇ ಇದೆ. ವಾರಕ್ಕೊಮ್ಮೆ ತೆರೆದು ಕಸ ಹೊಡೆದು ಬರುತ್ತೇನೆ. ರಜೆ ಸಿಕ್ಕ ವಾರ ಬೈಲಹೊಂಗಲಕ್ಕೆ ಹೋಗುತ್ತೇನೆ. ಸಿಗದ ವಾರ ಫೋನ್ ಮಾಡುತ್ತೇನೆ. ಅವರು ಹೆಚ್ಚು ಮಾತಾಡುವುದಿಲ್ಲ, ನಾನೂ ಇಲ್ಲ. ಆದರೆ ಫೋನ್ ಇಡುತ್ತೇನೆಂದು ಇಬ್ಬರೂ ಬೇಗ ಹೇಳುವುದಿಲ್ಲ.